ಗುರುಗುಂಟಾದ ಕುದುರೆ ವಾಸಿಯಾದದ್ದು

1954ರಲ್ಲಿ ನಾನು ಲಿಂಗಸುಗೂರಿನ ದನದ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದವನು. ಪುರಾವೆ ಇಲ್ಲದ ಮಾತನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಆ ಚಟ ಈಗಲೂ ಇದೆ, ಹುರುಪು ಸೋರಿಹೋಗಿದೆ.

ಆ ಬೇಸಗೆಯಲ್ಲಿ ಗುರುಗುಂಟಾದ ಬಸಮ್ಮ ತಮ್ಮ ಹೆಣ್ಣು ಕುದುರೆಯನ್ನು ತೋರಿಸಲು ಕರೆಸಿದರು. ತೀರಿಹೋದ ಗಂಡ ಸವಾರಿಗೆ ಸಾಕಿದ ಕುದುರೆ ಅದು. ಮೂರು ವರ್ಷದಿಂದ ಗಬ್ಬ ನಿಂತಿರಲಿಲ್ಲ, ಬಾಲದ ಕೆಳಗೆ ಕೀವು ಸೋರುತ್ತಿತ್ತು. ಮೈದುನ ಸಂಗನಗೌಡರು ಆಗಲೇ ತೀರ್ಮಾನಿಸಿದ್ದರು: ಈ ಸಲ ಗಬ್ಬ ನಿಂತರೆ ಮನೆಯಲ್ಲಿರಲಿ, ಇಲ್ಲದಿದ್ದರೆ ಮಾರಾಟ.

ರೋಗದ ಹೆಸರು ಎಂಡೊಮೆಟ್ರೈಟಿಸ್, ಅಂದರೆ ಗರ್ಭಕೋಶದ ಒಳಪದರದ ಉರಿಯೂತ. ಗಂಡು ಹಾರಿದಾಗ ಯಾವ ಕುದುರೆಯ ಗರ್ಭಕೋಶಕ್ಕೂ ಸ್ವಲ್ಪ ಕೊಳೆ ಸೇರುತ್ತದೆ. ಎಳೆಯ ಕುದುರೆಯ ಸ್ನಾಯುಗಳು ಅದನ್ನು ಹಿಂಡಿ ಹೊರಹಾಕುತ್ತವೆ. ಹಲವು ಮರಿ ಹಾಕಿ ವಯಸ್ಸಾದದ್ದರಲ್ಲಿ ಸ್ನಾಯು ಸಡಿಲವಾಗಿ, ಒಳಪದರದ ಗ್ರಂಥಿಗಳ ಸುತ್ತ ನಾರು ಬೆಳೆದು, ಕೊಳೆ ಒಳಗೇ ನಿಲ್ಲುತ್ತದೆ. ಕೈಯಾಡಿಸಿ ನೋಡಿದೆ. ಈ ಕುದುರೆಯದು ನೀರು ತುಂಬಿದ ತೊಗಲಚೀಲದಂತೆ ಜೋತುಬಿದ್ದಿತ್ತು.

ಸಾಲದ್ದಕ್ಕೆ ಆ ಮನೆಯಲ್ಲೊಂದು ಪದ್ಧತಿ. ಗಂಡು ಹಾರಿಸಿದ ಕೂಡಲೇ ಗೌಡರು ಕೈಗೆ ಔಡಲ ಎಣ್ಣೆ ಸವರಿಕೊಂಡು, ಬೀಜ ಗಟ್ಟಿಯಾಗಿ ಕೂರಲೆಂದು ಒಳಗೆ ಕೈ ಹಾಕುತ್ತಿದ್ದರು. ನಾನು ವಾದಕ್ಕಿಳಿದೆ.

“ನಮ್ಮ ಮುತ್ಯಾನ ಕಾಲದಿಂದ ಹಿಂಗ ಮಾಡ್ಕೊಂತ ಬಂದೀವ್ರಿ. ನಿಮಗ ಇನ್ನಾ ಮೀಸಿ ಬಲಿತಿಲ್ಲ,” ಎಂದರು ಗೌಡರು.

“ಹಂಗಾದ್ರ ಮೂರು ವರ್ಷ ಯಾಕ ಗಬ್ಬ ನಿಂದರಲಿಲ್ಲ?”

“ಅದರ ಹಣೆಬರಾ.”

“ಹಣೆಬರಾ ಮೊಣಕೈತನಕ ಎಣ್ಣಿ ಹಚ್ಕೊಂಡು ಒಳಗ ಹೋಗಂಗಿಲ್ರೀ ಗೌಡ್ರ.”

ಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗೌಡರು ಸೋತರು.

ಬೆಚ್ಚಗಿನ ಉಪ್ಪುನೀರಿನಿಂದ ಗರ್ಭಕೋಶ ತೊಳೆದೆ, ಪೆನ್ಸಿಲಿನ್ ಬಿಟ್ಟೆ. ಗಂಡು ಹಾರಿಸಿದ ಮೇಲೆ, ಲದ್ದಿ ಒಳಸೇರದಂತೆ ಯೋನಿಯ ಮೇಲ್ಭಾಗಕ್ಕೆ ಹೊಲಿಗೆ ಹಾಕಿದೆ. ಕೀವು ನಿಂತಿತು. ಮೈ ತುಂಬಿತು, ಕೂದಲು ಮಿರುಗಿತು. ಗಬ್ಬ ಮಾತ್ರ ನಿಲ್ಲಲಿಲ್ಲ. ನಾರುಗಟ್ಟಿದ ಒಳಪದರ ಯಾರ ವಾದಕ್ಕೂ ಬಗ್ಗುವುದಿಲ್ಲ.

ಮತ್ತೆ ಹೋದಾಗ ಕೊಟ್ಟಿಗೆ ಖಾಲಿ ಇತ್ತು.

“ಕೀವು ಸೋರುವಾಗ ಯಾರೂ ಹತ್ರ ಬರ್ತಿದ್ದಿಲ್ರಿ ಸಾಹೇಬ್ರ,” ಎಂದರು ಬಸಮ್ಮ. “ನೀವು ನೆಟ್ಟಗ ಮಾಡಿದ್ರಿ, ಗಿರಾಕಿ ಬಂದ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಮರುವರ್ಷ ಅದನ್ನು ಸಿಂಧನೂರಿನಲ್ಲಿ ಕಂಡೆ. ಬಿಸಿಲಿನಲ್ಲಿ, ಟಾಂಗಾಕ್ಕೆ ಕಟ್ಟಿಸಿಕೊಂಡು, ಒಂದು ಕಾಲು ಎತ್ತಿ ನಿಂತಿತ್ತು. ಬಾಲ ಸರಿಸಿ ನೋಡಿದೆ. ಹೊಲಿಗೆ ಚೆನ್ನಾಗಿ ಕೂಡಿತ್ತು, ಕೀವಿನ ಸುಳಿವಿಲ್ಲ.

“ಏನ್ ನೋಡಾಕತ್ತೀರಿ ಸಾಬ್? ಬ್ಯಾನಿ ಗೀನಿ ಐತೇನು?” ಎಂದ ಟಾಂಗಾದವ.

“ಏನೂ ಇಲ್ಲಪಾ. ಆರಾಮೈತಿ.”

ಈಗ ಯಾರಾದರೂ ಪ್ರಾಣಿ ಹಿಡಿದು ತಂದರೆ, ವಾಸಿಯಾದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳುತ್ತೇನೆ. ಬಂದ ಉತ್ತರ ಕೇಳಿಸಿಕೊಂಡು, ಕೈ ತೊಳೆದು, ಕೆಲಸ ಶುರುಮಾಡುತ್ತೇನೆ.