ಬಣ್ಣದ ಸಾಹೇಬರ ಕೋಣೆ

ಬಸ್ ಡಿಪೋದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಬಣ್ಣದ ಸಾಹೇಬರು ಎಂದು ಹೆಸರು. ಎದುರಿಗೆ ಬರೀ 'ಸಾಹೇಬರೇ'. ಬಣ್ಣ ಸೇರುತ್ತಿದ್ದದ್ದು ಅವರು ಬೆನ್ನು ತಿರುಗಿಸಿದ ಮೇಲೆ. ಇದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದನ್ನೊಂದು ಬಿರುದು ಎಂದೇ ತಿಳಿದು ಒಳಗೊಳಗೇ ಹಿಗ್ಗುತ್ತಿದ್ದರು.

ಹಿಗ್ಗುವುದಕ್ಕೆ ತಕ್ಕ ಜಾಗ ಮಾತ್ರ ಅವರಿಗಿರಲಿಲ್ಲ. ಅವರ ಮೇಜು ಇದ್ದದ್ದು ಟೈರು ಇಡುವ ಉಗ್ರಾಣದ ಬಾಗಿಲಿಗೆ ಒತ್ತಿಕೊಂಡು. ಯಾರಿಗಾದರೂ ಟೈರು ಬೇಕಾದರೆ ಸಾಹೇಬರು ಎದ್ದು, ಕುರ್ಚಿ ಎತ್ತಿಕೊಂಡು, ಗೋಡೆಗೆ ಆತು ನಿಲ್ಲಬೇಕು. ಟೈರು ಉರುಳಿ ಹೋದ ಮೇಲೆ ಮತ್ತೆ ಕೂರಬೇಕು. ಹೀಗೆ ಎದ್ದು ಕೂತು ಮಾಡುವಾಗೆಲ್ಲ ಅವರ ಕಣ್ಣು ಮಹಡಿಯ ಮೇಲಿದ್ದ ಖಾಲಿ ಕೋಣೆಯ ಕಡೆಗೆ ಹೋಗುತ್ತಿತ್ತು. ಆ ಕೋಣೆಗೆ ಬಾಗಿಲಿತ್ತು. ಬಾಗಿಲಿನ ಒಳಗೆ ಕೂತು "ತಟ್ಟಿ ಬನ್ನಿ" ಎಂದು ಹೇಳಬೇಕೆನ್ನುವುದು ಸಾಹೇಬರ ಜೀವನದ ಗುರಿಯಾಗಿತ್ತು. ಸ್ನಾನದ ಮನೆಯಲ್ಲಿ ಅದನ್ನು ಬೇರೆ ಬೇರೆ ದನಿಯಲ್ಲಿ ಹೇಳಿ ಅಭ್ಯಾಸ ಮಾಡಿದ್ದೂ ಉಂಟು.

ಗುರಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಕಂಪನಿಯ ದೊಡ್ಡ ಅಧಿಕಾರಿ ಗುರುವಾರ ಡಿಪೋಗೆ ಬರುವವರಿದ್ದರು. ಸಾಹೇಬರು ಮಾಡಿದ ಪ್ರೋಗ್ರಾಂ ಅವರಿಗೆ ಒಪ್ಪಿಗೆಯಾದರೆ ಎಲ್ಲ ಡಿಪೋಗಳಿಗೂ ಅದೇ ಹೋಗುತ್ತದೆ, ಮಹಡಿಯ ಕೋಣೆ ನಿಮಗೇ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು.

ಆ ಪ್ರೋಗ್ರಾಮಿನ ಕತೆ ಇಷ್ಟು. ಮೊದಲು ಫೋರ್‌ಮನ್ ಕೋಣೆಯಲ್ಲಿ ಒಂದು ಕರಿಹಲಗೆ ಇತ್ತು. ಅದರ ಮೇಲೆ ಬಸ್ಸಿನ ನಂಬರು, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ 'ಹೊರಡಲಿ' ಅಥವಾ 'ನಿಲ್ಲಲಿ'. ಸಾಹೇಬರು ಆ ಹಲಗೆಯನ್ನು ತಮ್ಮ ಕೈಯಾರೆ ಕಿತ್ತು, ಅದೇ ಮೊಳೆಯ ಕೆಳಗೆ ಕಂಪ್ಯೂಟರಿನ ಕಪ್ಪು ಪರದೆ ಇಟ್ಟರು. ಟರ್ಮಿನಲ್ ಎಂದು ಅದಕ್ಕೆ ಹೆಸರು. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ ಮೂಡುವ ಪರದೆ. ಅದರಲ್ಲಿ ನಂಬರುಗಳು ಮಾತ್ರ. ಹಸಿರಾಗಿದ್ದರೆ ಬಸ್ಸು ಹೊರಡಬಹುದು, ಕೆಂಪಾಗಿದ್ದರೆ ರಿಪೇರಿಗೆ ನಿಲ್ಲಬೇಕು. ಪಕ್ಕದಲ್ಲಿ ಒಂದು ಮಾತು ಬರೆದಿದ್ದರೆ ಚೆನ್ನಿತ್ತು ಎಂದು ಒಬ್ಬಿಬ್ಬರು ಅಂದದ್ದಕ್ಕೆ, ಬಣ್ಣವೇ ಮಾತಾಡುತ್ತಿರುವಾಗ ನಡುವೆ ಅಕ್ಷರ ಬಾಯಿ ಹಾಕಬಾರದು ಎಂದು ಸಾಹೇಬರು ತೀರ್ಪು ಕೊಟ್ಟಿದ್ದರು.

ಆ ಪರದೆ ನೋಡಿ ಬಸ್ಸು ಬಿಡುವ ಫೋರ್‌ಮನ್ ಬೇರೆ ಯಾರೂ ಅಲ್ಲ, ಸಾಹೇಬರ ಅಕ್ಕನ ಗಂಡ. ಭಾರೀ ಮೀಸೆ, ಅದಕ್ಕಿಂತ ಭಾರೀ ಗಂಟಲು. ಅವರು ಅಂಗಳದ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಲ್ಲಿ ಡ್ರೈವರು ಬೀಡಿ ಎಸೆಯುತ್ತಿದ್ದ. ಭಾನುವಾರದ ಊಟ ಸಾಹೇಬರಿಗೆ ಅಕ್ಕನ ಮನೆಯಲ್ಲೇ. ದೊಡ್ಡ ಅಧಿಕಾರಿ ಬರುವ ವಾರದ ಭಾನುವಾರವೂ ಹೋದರು. ಹೋದಾಗ ಅಕ್ಕ ಗಂಡ ತಂದ ಟೊಮೇಟೊವನ್ನು ಮೇಜಿನ ಮೇಲೆ ಸುರಿದುಕೊಂಡು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅರ್ಧಕ್ಕರ್ಧ ಹಸಿಕಾಯಿ.

"ಆರಿಸಿ ತಂದಿದಾರಂತೆ ಕಣೋ, ನೋಡು," ಎಂದಳು.

"ಭಾವನಿಗೆ ಬಸ್ಸು ಆರಿಸೋಕೆ ಮಾತ್ರ ಬರೋದು," ಎಂದು ಸಾಹೇಬರು ನಕ್ಕರು. ಭಾವ ಮೀಸೆ ತಿರುವಿಕೊಂಡು ಬೇರೆ ಕಡೆ ನೋಡಿದರು. ಅಕ್ಕ ಯಾಕೋ ಅವಸರದಲ್ಲಿ ಟೊಮೇಟೊವನ್ನೆಲ್ಲ ಬುಟ್ಟಿಗೆ ತುಂಬಿದಳು.

ಊಟದ ನಡುವೆ ಸಾಹೇಬರು ತಮ್ಮ ಪ್ರೋಗ್ರಾಮಿನ ಗುಣಗಾನಕ್ಕೆ ಇಳಿದರು. ಪರದೆಗೆ ಬಣ್ಣ ತರಿಸುವುದೆಂದರೆ ಅದಕ್ಕೆ ಕಣ್ಣು ಹೊಡೆದ ಹಾಗೆ, ಎಂದು ಶುರುಮಾಡಿದರು. ಅಕ್ಷರಗಳ ನಡುವೆ ಪ್ರೋಗ್ರಾಂ ಒಂದು ಗುಟ್ಟಿನ ಸನ್ನೆ ಕಳಿಸುತ್ತದೆ. ಜಾಣ ಪರದೆ ಸನ್ನೆ ಅರ್ಥ ಮಾಡಿಕೊಂಡು ಸದ್ದಿಲ್ಲದೆ ಕೆಂಪಾಗುತ್ತದೆ. ಪೆದ್ದ ಪರದೆಗೆ ಅರ್ಥವಾಗುವುದಿಲ್ಲ. ಅದು 'ಯಾಕೆ ಕಣ್ಣು ಹೊಡೆದೆ' ಎಂದು ನಾಲ್ಕು ಜನರ ಮುಂದೆ ಕೇಳಿದ ಹಾಗೆ, ಆ ಸನ್ನೆಯನ್ನೇ ಮೈತುಂಬ ಬರೆದುಕೊಂಡು ನಿಲ್ಲುತ್ತದೆ. ಕಂಸ, ಕೆಂಪಿಗೆ ಮೂವತ್ತೊಂದು, ಹಸಿರಿಗೆ ಮೂವತ್ತೆರಡು, ಮುಂದೊಂದು ಇಂಗ್ಲಿಷ್ ಅಕ್ಷರ, ಹೀಗೇ ಸಾಲು ಸಾಲು ಕಸ. ಅದಕ್ಕೇ ಮರ್ಯಾದಸ್ತ ಪ್ರೋಗ್ರಾಂ ಮೊದಲು ವಿಚಾರಿಸಿಕೊಳ್ಳುತ್ತದೆ. ನಾನು ಬರೆಯುತ್ತಿರುವುದು ಪರದೆಗೋ, ಇಲ್ಲಾ ಫೈಲಿಗೋ ಪ್ರಿಂಟರಿಗೋ? ಪರದೆಯಾದರೆ ಅದರ ಹೆಸರೇನು, ಆ ಹೆಸರಿನವರಿಗೆ ಎಷ್ಟು ಬಣ್ಣ ಗೊತ್ತು? ಹೆಸರನ್ನೂ ಪೂರ್ತಿ ನಂಬುವ ಹಾಗಿಲ್ಲ. ಕೆಲವು ಪರದೆಗಳು ತಮ್ಮ ಯೋಗ್ಯತೆ ಮೀರಿದ ಹೆಸರು ಹೇಳಿಕೊಂಡು ತಿರುಗುತ್ತವೆ.

"ನಮ್ಮ ಮನೇಲೂ ಒಬ್ಬ ಇದಾನೆ," ಎಂದಳು ಅಕ್ಕ, ಅನ್ನ ಬಡಿಸುತ್ತಾ.

ಸಾಹೇಬರು ಕೇಳಿಸಿಕೊಳ್ಳಲಿಲ್ಲ. ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ ಎಂದರು. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಯಾರಾದರೂ 'ಬಣ್ಣ ಬೇಡ' ಎಂದು ಒಂದೇ ಒಂದು ಸಾಲು ಬರೆದಿಟ್ಟಿದ್ದರೆ, ಯಾರು ಬರೆದರು, ಯಾಕೆ ಬರೆದರು ಎಂದು ಕೇಳದೆ ತಮ್ಮ ಪ್ರೋಗ್ರಾಂ ತಲೆಬಾಗುತ್ತದೆ.

ಭಾಮೈದನ ಪಾಠಕ್ಕೆ ಯಾವತ್ತೂ ಕಿವಿಗೊಡದ ಭಾವ ಅಂದು ತುತ್ತು ಕೈಯಲ್ಲೇ ಹಿಡಿದುಕೊಂಡು, ಹಾಗೆ ತಲೆಬಾಗಿದ ಮೇಲೆ ಏನು ಕಾಣುತ್ತದೆ ಎಂದು ವಿಚಾರಿಸಿದರು. ಏನಿಲ್ಲ, ಹಳೇ ಹಲಗೆಯ ಥರ 'ಹೊರಡಲಿ', 'ನಿಲ್ಲಲಿ' ಎಂದು ಅಕ್ಷರ ಬರುತ್ತದೆ, ಅದು ಬಡವರ ಅವತಾರ, ನಮ್ಮ ಡಿಪೋಗೆ ಅಂಥ ಗತಿ ಬಂದಿಲ್ಲ ಎಂದು ಸಾಹೇಬರು ಕೈ ತೊಳೆಯಲು ಎದ್ದರು. ಆ ಸಾಲನ್ನು ಬರೆಯುವುದು ಎಲ್ಲಿ ಎಂದು ಭಾವ ಹಿಂದೆಯೇ ಬಂದು ಕೇಳಿದಾಗ, ಹೇಳಿಕೊಡುವ ಸಂತೋಷದಲ್ಲಿ ಎಲ್ಲ ಹೇಳಿಕೊಟ್ಟರು. ಕೇಳಿದ್ದು ಯಾಕೆ ಎಂಬ ಯೋಚನೆ ಅವರ ತಲೆಗೆ ಬರಲಿಲ್ಲ. ಕೇಳುವವರು ಸಿಕ್ಕಿದರೆ ಅವರಿಗೆ ಬೇರೇನೂ ತಲೆಗೆ ಬರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಫೋರ್‌ಮನ್ ಕೋಣೆಗೆ ಹೋದರೆ ಪರದೆ ಬೋಳು. ಒಂದು ಚುಕ್ಕೆ ಬಣ್ಣವಿಲ್ಲ. ನಂಬರುಗಳ ಪಕ್ಕದಲ್ಲಿ ಹೊರಡಲಿ, ನಿಲ್ಲಲಿ, ಹೊರಡಲಿ. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಪರದೆ ಕೆಟ್ಟಿತೋ ಎಂದು ಹೆಸರು ಕೇಳಿದರು, ಸರಿಯಾದ ಹೆಸರನ್ನೇ ಹೇಳಿತು. ಎಷ್ಟು ಬಣ್ಣ ಬರುತ್ತದೆ ಎಂದು ಕೇಳಿದರು, ಬೇಕಾದಷ್ಟು ಎಂದಿತು. ನಂಬಿಕೆ ಸಾಲದೆ ತಾವೇ ಒಂದು ಕೆಂಪು ಸನ್ನೆ ಕಳಿಸಿ ನೋಡಿದರು, ಪರದೆ ಮದುಮಗಳ ಹಾಗೆ ಕೆಂಪಾಯಿತು. ಅಂದಮೇಲೆ ಪರದೆ ನಿರ್ದೋಷಿ. ಕೊನೆಗೆ ಸೆಟ್ಟಿಂಗು ತೆಗೆದರೆ ಅಲ್ಲಿ ಕೂತಿತ್ತು, 'ಬಣ್ಣ ಬೇಡ' ಎಂಬ ಸಾಲು. ಅಳಿಸಿದರು. ಬಣ್ಣ ಬಂತು. ಬುಧವಾರ ಬೆಳಿಗ್ಗೆ ಸಾಲು ಮತ್ತೆ ಹಾಜರು.

ಯಾರೋ ತಮ್ಮ ಕೋಣೆಗೆ ಕಲ್ಲು ಹಾಕುತ್ತಿದ್ದಾರೆ ಎಂದು ಸಾಹೇಬರಿಗೆ ಖಾತ್ರಿಯಾಯಿತು. ಪಾಳಿ ಹಂಚುವ ಹೆಂಗಸಿನ ಮೇಲೆ ಅನುಮಾನ ಬಂತು. ನಿಮ್ಮ ಪರದೆ ನೋಡಿದರೆ ತಲೆನೋವು ಬರುತ್ತದೆ ಎಂದು ಆಕೆ ಒಮ್ಮೆ ಅಂದದ್ದು ನೆನಪಿತ್ತು. ಸುತ್ತಿ ಬಳಸಿ ಕೇಳಿದ್ದಕ್ಕೆ ಆಕೆ, ತಲೆನೋವು ಬರುತ್ತಿದ್ದದ್ದು ಪರದೆಯಿಂದಲ್ಲ, ಅದರ ಪಕ್ಕ ನಿಂತು ವಿವರಿಸುವವರಿಂದ ಎಂದು ಸ್ಪಷ್ಟಪಡಿಸಿದಳು. ಭಾವನನ್ನು ಕೇಳಿದರೆ, ತಾವು ಏನೂ ನೋಡಿಲ್ಲವೆಂದು ಅಷ್ಟು ದೊಡ್ಡ ಗಂಟಲಿನವರು ಪಿಸುಗುಟ್ಟಿದರು.

ಸಾಹೇಬರು ರೇಗಿದರು. ರೇಗಿದವರು ಮಾಡಬಾರದ ಕೆಲಸ ಮಾಡಿದರು. ಪ್ರೋಗ್ರಾಮಿಗೆ ಕಲಿಸಿದ ಮರ್ಯಾದೆಯನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕಿ, ಯಾರು ಬೇಡವೆಂದರೂ ಕೇಳಬೇಡ, ಎದುರಿಗಿರುವುದು ಏನೆಂದು ನೋಡಬೇಡ, ಎಲ್ಲೆಲ್ಲೂ ಬಣ್ಣ ಸುರಿ ಎಂದು ಬಲವಂತದ ಅಪ್ಪಣೆ ಕೊಟ್ಟರು.

ಗುರುವಾರ ಅಧಿಕಾರಿ ಬಂದರು. ತೆಳ್ಳಗಿನ, ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಪರದೆಯ ಮೇಲೆ ಕೆಂಪು ಹಸಿರು ಝಗಝಗಿಸುತ್ತಿತ್ತು. ಸಾಹೇಬರು ಕೋಲು ಹಿಡಿದು ವಿವರಿಸಿದರು. ಮ್ಯಾನೇಜರು ತಲೆಯಾಡಿಸಿದರು. ಅಧಿಕಾರಿ ಎಲ್ಲ ಕೇಳಿ, ಇದರದ್ದೊಂದು ಪ್ರತಿ ಕಾಗದದಲ್ಲಿ ಕೊಡಿ ಎಂದರು.

ಪ್ರಿಂಟರು ಗೊರಗೊರ ಎಂದು ಉಗುಳಿದ ಕಾಗದವನ್ನು ಅವರು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಓದಿದರು.

"ಈ ಮೂವತ್ತೊಂದು ನಂಬರಿನ ಬಸ್ಸು ಇಷ್ಟು ಸಲ ಯಾಕೆ ಬರ್ತಿದೆ?"

ಸಾಹೇಬರು ಇಣುಕಿ ನೋಡಿದರು. ಕಾಗದದ ತುಂಬ ಕಂಸ, ಮೂವತ್ತೊಂದು, ಕಂಸ, ಮೂವತ್ತೆರಡು. ಪ್ರಿಂಟರಿಗೆ ಹೊಡೆದ ಕಣ್ಣನ್ನೆಲ್ಲ ಅದು ಚಾಚೂತಪ್ಪದೆ ಬರೆದುಕೊಟ್ಟಿತ್ತು. ಮಹಡಿಯ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಂತಾಯಿತು.

ತಪ್ಪಿಸಿಕೊಳ್ಳಲು ಒಂದು ದಾರಿಯಿತ್ತು. ಯಾರೋ ಕಂಪ್ಯೂಟರಿನಲ್ಲಿ ಕೈಯಾಡಿಸಿದ್ದಾರೆ, ಅದಕ್ಕೇ ಬಲವಂತ ಮಾಡಬೇಕಾಯಿತು, ತನಿಖೆ ಮಾಡಿಸಿ ಎಂದು ಹೇಳಿಬಿಡುವುದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಧಿಕಾರಿ ಕಾಗದ ಮಡಚಿ ಫೋರ್‌ಮನ್ ಕಡೆ ತಿರುಗಿದರು.

"ಹೋಗಲಿ ಬಿಡಿ. ನೀವು ದಿನಾ ನೋಡೋರು. ಈಗ ಯಾವ ಬಸ್ಸು ಹೊರಡಬಹುದು, ಪರದೆ ನೋಡಿ ಓದಿ."

ಭಾವ ಪರದೆಯ ಮುಂದೆ ಬಂದರು. ಕೆಮ್ಮಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವರ ತೋರುಬೆರಳು ಒಂದು ನಂಬರಿನ ಹತ್ತಿರ ಹೋಗಿ, ನಿಂತು, ಪಕ್ಕದ್ದಕ್ಕೆ ಸರಿದು, ಮತ್ತೆ ಹಿಂದೆ ಬಂತು. ಪರದೆ ಸ್ವಲ್ಪ ಹೊಳೆಯುತ್ತಿದೆ ಎಂದರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಹೊರಡುತ್ತದೆಂದು ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆರಳು ಕೊನೆಗೆ ಒಂದು ಕಡೆ ಊರಿತು. ಅದು ಬ್ರೇಕು ಬಿಚ್ಚಿಟ್ಟಿದ್ದ ಬಸ್ಸು. ಪರದೆಯ ಮೇಲೆ ಕೆಂಡದಂತೆ ಕೆಂಪಗಿತ್ತು.

ಸಾಹೇಬರಿಗೆ ಹಸಿ ಟೊಮೇಟೊ ಕಣ್ಣ ಮುಂದೆ ಬಂತು. ಭಾವನ ಷರಟನ್ನು ಯಾವತ್ತೂ ಅಕ್ಕನೇ ಎತ್ತಿಕೊಡುತ್ತಿದ್ದದ್ದು, ಅವಳು ಊರಲ್ಲಿಲ್ಲದಾಗ ಭಾವ ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಹಸಿರು ಕಾಲುಚೀಲ ಹಾಕಿಕೊಂಡು ಬಂದದ್ದು, ತಾವು ಅದನ್ನು ಡಿಪೋಗೆಲ್ಲ ಹೇಳಿಕೊಂಡು ನಕ್ಕದ್ದು, ಎಲ್ಲ ಒಟ್ಟಿಗೆ ನೆನಪಾಯಿತು. 'ಬಣ್ಣ ಬೇಡ' ಎಂದು ಬರೆದ ಕೈ ಯಾವುದೆಂದೂ ಗೊತ್ತಾಯಿತು. ಆ ಕೈಗೆ ದಾರಿ ಹೇಳಿಕೊಟ್ಟವರು ಯಾರೆಂದೂ ಗೊತ್ತಾಯಿತು.

ಭಾವ ಬಾಯಿ ತೆರೆಯುವ ಮೊದಲೇ ಸಾಹೇಬರು ನಡುವೆ ನುಗ್ಗಿ ಕೀಲಿಮಣೆಗೆ ಕೈ ಹಾಕಿದರು.

"ಸಾರ್, ಅವರು ಓದೋ ಹಾಗೇ ಇಲ್ಲ ಇದು. ತಪ್ಪು ನಂದು. ಎಲ್ಲಾ ಕಡೆ ಬಣ್ಣ ಹಾಕು ಅಂತ ನಾನೇ ಬಲವಂತ ಮಾಡಿದ್ದೆ, ಅದಕ್ಕೇ ಕಾಗದಾನೂ ಕೆಟ್ಟಿದ್ದು. ಒಂದು ನಿಮಿಷ."

ಬಲವಂತದ ಅಪ್ಪಣೆ ಅಳಿಸಿದರು. ಬೆಳಿಗ್ಗೆಯೂ ಯಾರೋ ಬರೆದಿಟ್ಟಿದ್ದ 'ಬಣ್ಣ ಬೇಡ' ಸಾಲು ತನ್ನ ಕೆಲಸ ಮಾಡಿತು. ಪರದೆ ಬೋಳಾಯಿತು, ಮಾತು ಮೂಡಿತು. ಭಾವ ಒಂದುಸಲ ಉಸಿರೆಳೆದುಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು ನೋಡಿ, ಅಂಗಳದಲ್ಲಿದ್ದ ಡ್ರೈವರುಗಳು ತಮಗೇ ಕರೆ ಬಂತೆಂದು ಬಸ್ಸು ಹತ್ತಿ ಕೂತರು. ಮತ್ತೆ ತೆಗೆದ ಪ್ರತಿಯೂ ಅಚ್ಚುಕಟ್ಟಾಗಿ ಬಂತು.

ಅಷ್ಟೆಲ್ಲ ವಿವರಿಸಿದ ಬಣ್ಣ ಎಲ್ಲಿ ಹೋಯಿತು ಎಂದು ಅಧಿಕಾರಿ ಕೇಳಿದರು. ಬಣ್ಣ ಬರೀ ಶೃಂಗಾರ, ಕೆಲಸ ಮಾಡಬೇಕಾದದ್ದು ಅಕ್ಷರ ಎಂದು ಸಾಹೇಬರು ಹೇಳಿದರು. ಅದನ್ನು ಹೇಳುವಾಗ ಹಲ್ಲು ಕೀಳಿಸಿಕೊಂಡವರ ಮುಖವಿತ್ತು. ಅಧಿಕಾರಿ ಎರಡನೆಯ ಕಾಗದವನ್ನು ಜೇಬಿಗಿಟ್ಟುಕೊಂಡು, ಎಲ್ಲ ಡಿಪೋಗೂ ಇದನ್ನೇ ಕಳಿಸಿ, ಅಕ್ಷರ ಯಾವಾಗಲೂ ಇರಲಿ, ಬಣ್ಣ ಬೇಕಾದವರು ಹಾಕಿಕೊಳ್ಳಲಿ ಎಂದು ಹೇಳಿ ಕಾರು ಹತ್ತಿದರು.

ಕಾರು ಗೇಟು ದಾಟಿದ ಮೇಲೆ ಭಾವ-ಭಾಮೈದ ಇಬ್ಬರೂ ಟೈರುಗಳ ಹಿಂದೆ ನಿಂತರು.

"ಎಷ್ಟು ದಿನದಿಂದ, ಭಾವ?"

"ಹುಟ್ಟಿದಾಗಿಂದ. ಕೆಂಪು ಹಸಿರು ಎರಡೂ ನಂಗೆ ಒಂದೇ. ಹಲಗೆ ಇದ್ದಾಗ ಏನೂ ತೊಂದರೆ ಇರಲಿಲ್ಲ. ನೀನು ಬಂದು ಉದ್ಧಾರ ಮಾಡಿದೆ."

"ಹಂಗಾದ್ರೆ ಪರದೆ ಬಂದಮೇಲೆ ಬಸ್ಸು ಹೆಂಗೆ ಬಿಟ್ರಿ?"

"ಪ್ರತಿ ಬಸ್ಸಿನ ಹತ್ರ ನಡಕೊಂಡು ಹೋಗಿ ಮೆಕ್ಯಾನಿಕ್ಕನ್ನ ಕೇಳಿ ಬರ್ತಿದ್ದೆ. ಹೊಟ್ಟೆ ಕರಗಿದೆ, ನೋಡಿಲ್ವಾ? ನಿಮ್ಮಕ್ಕ ಖುಷಿಯಾಗಿದ್ಲು."

"ನಂಗೊಂದು ಮಾತು ಹೇಳಬಾರದಿತ್ತಾ?"

"ನಿಂಗೆ ಹೇಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ ಕಣಯ್ಯಾ. ಮೇಲಿನವರಿಗೆ ಗೊತ್ತಾದ್ರೆ ನನ್ನ ಉಗ್ರಾಣಕ್ಕೆ ಹಾಕ್ತಾರೆ. ಟೈರು ಕಾಯ್ತಾ ಕೂರಬೇಕು."

ಟೈರಿನ ಪಕ್ಕ ಕೂರುವ ಸುಖ ಸಾಹೇಬರಿಗೆ ಯಾರೂ ವಿವರಿಸಬೇಕಿರಲಿಲ್ಲ. ಈ ವಿಷಯ ತಮ್ಮ ಬಾಯಿಂದ ಹೊರಗೆ ಬಿದ್ದರೆ ಕೇಳಿ ಎಂದು ಮಾತು ಕೊಟ್ಟರು. ಅವರು ಬದುಕಿನಲ್ಲಿ ಕೊಟ್ಟ ಮಾತುಗಳಲ್ಲೆಲ್ಲ ಉಳಿಸಿಕೊಳ್ಳಲು ಕಷ್ಟವಾದದ್ದು ಇದೇ. ಅದೂ ಹದಿನೈದು ದಿನದೊಳಗೇ.

ಕೋಣೆ ಮಂಜೂರಾಯಿತು. ಸುಣ್ಣ-ಬಣ್ಣ ಮಾಡಿಸುವ ಕೆಲಸ ಡಿಪೋದಲ್ಲಿ ಫೋರ್‌ಮನ್‌ಗೆ ಸೇರಿದ್ದು. ಭಾಮೈದನ ಋಣ ತೀರಿಸುವ ಹುಮ್ಮಸ್ಸಿನಲ್ಲಿ ಭಾವ ಯಾರನ್ನೂ ಕೇಳದೆ ತಾವೇ ಅಂಗಡಿಗೆ ಹೋದರು. ಅಧಿಕಾರಿಗಳ ಕೋಣೆಗೆ ಒಪ್ಪುವ ಗಂಭೀರವಾದ ಬೂದು ಬಣ್ಣ ಆರಿಸಿ, ನಮೂನೆಯ ಮೇಲೆ ಬೆರಳಿಟ್ಟು "ಇದೇ" ಎಂದರು. ಆ ಗಂಟಲಿಗೆ ಅಂಗಡಿಯವನು ಎದುರಾಡಲಿಲ್ಲ. ಬಣ್ಣ ಬಳಿಯುವವರೂ ಎದುರಾಡಲಿಲ್ಲ.

ಸಾಹೇಬರು ಬಾಗಿಲು ತೆಗೆದು ಒಳಗೆ ಕಾಲಿಟ್ಟವರು ಹಾಗೇ ನಿಂತರು. ನಾಲ್ಕು ಗೋಡೆಯೂ ಮಕ್ಕಳ ಮಿಠಾಯಿಯಂಥ ಗುಲಾಬಿ. ಛಾವಣಿಯನ್ನೂ ಬಿಟ್ಟಿರಲಿಲ್ಲ. ನಡುವೆ ಭಾವ ಎದೆ ಉಬ್ಬಿಸಿಕೊಂಡು ನಿಂತಿದ್ದರು.

"ಹೆಂಗಿದೆ? ಬೂದು. ನಿನ್ನ ಘನತೆಗೆ ತಕ್ಕ ಹಾಗೆ."

ಸಾಹೇಬರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಭಾವನ ಮುಖ ನೋಡಿದರು.

"ಬಹಳ ಗಂಭೀರವಾಗಿದೆ, ಭಾವ."

ಅಂದು ಡಿಪೋದ ಜನರೆಲ್ಲ ಒಂದೊಂದು ನೆಪ ಹಿಡಿದು ಮಹಡಿ ಹತ್ತಿದರು. ಈ ಬಣ್ಣ ಆರಿಸಿದವರು ಯಾರು ಎಂದು ಮ್ಯಾನೇಜರು ಕೇಳಿದಾಗ, ನಾನೇ, ಬೇಕೆಂದೇ ಆರಿಸಿದ್ದು ಎಂದು ಸಾಹೇಬರು ತಲೆಯೆತ್ತಿ ಹೇಳಿದರು. ಪಾಳಿ ಹಂಚುವ ಹೆಂಗಸು ಬಂದು, ಈಗ ತಲೆನೋವು ಪೂರ್ತಿ ವಾಸಿಯಾಯಿತು ಎಂದು ಹೇಳಿ ಹೋದಳು. ಅಕ್ಕ ಬುತ್ತಿ ಕೊಡುವ ನೆಪದಲ್ಲಿ ಬಂದವಳು ಗೋಡೆ ನೋಡಿ, ಗಂಡನನ್ನು ನೋಡಿ, ತಮ್ಮನ ತಲೆ ಸವರಿ, ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು.

ಎಲ್ಲರೂ ಹೋದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಸ್ನಾನದ ಮನೆಯಲ್ಲಿ ಪಳಗಿಸಿದ ದನಿಯಲ್ಲಿ "ಬನ್ನಿ" ಎಂದರು. ಬಂದ ಮೆಕ್ಯಾನಿಕ್ಕು ಒಳಗೆ ಒಂದು ಹೆಜ್ಜೆ ಇಟ್ಟು, ಸುತ್ತ ನೋಡಿ, ಬಂದ ಕೆಲಸವೇ ಮರೆತು, ಆಮೇಲೆ ಬರ್ತೀನಿ ಸಾಹೇಬರೇ ಎಂದು ಓಡಿದ. ಅವನು ಮೆಟ್ಟಿಲ ಕೆಳಗೆ ತಲುಪಿ ಜೋರಾಗಿ ನಕ್ಕದ್ದು, ಬಾಗಿಲು ಮುಚ್ಚಿದ್ದರೂ, ಒಳಗೆ ಚೆನ್ನಾಗಿಯೇ ಕೇಳಿಸಿತು.