ತಿಳಿನೀರು ಕಾಯುವ ಜಗ್ಗಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಆಯಾ ಒಬ್ಬಳು ಔಷಧದ ಜಗ್ಗು ಹಿಡಿದು ಮಂಚದಿಂದ ಮಂಚಕ್ಕೆ ನಡೆಯುತ್ತಾಳೆ. ಎಲ್ಲರ ಬಾಯಲ್ಲೂ ಅವಳು ಜಗ್ಗಕ್ಕ. ಕರುಳಿನ ಕ್ಯಾಮೆರಾ ಪರೀಕ್ಷೆಗೆ ಬಂದವರಿಗೆ ಭೇದಿ ಮಾಡಿಸುವ ಔಷಧ ಕುಡಿಸುವುದು, ಆಮೇಲೆ ಶೌಚಾಲಯದಲ್ಲಿ ಬಗ್ಗಿ ನೋಡಿ, ನೀರು ತಿಳಿಯಾಯಿತೋ ಇಲ್ಲವೋ ಎಂದು ನರ್ಸಮ್ಮನಿಗೆ ಹೇಳುವುದು ಅವಳ ಕೆಲಸ. ದಿನಕ್ಕೆ ಆರೇಳು ಜನ. ಮೂಗು ಮುರಿಯುವವರೇ ಹೆಚ್ಚು, ಹೊಗಳುವವರಿಲ್ಲ.

ದೊಡ್ಡ ಕರುಳಿನ ಒಳಗೋಡೆಯಲ್ಲಿ ಒಮ್ಮೊಮ್ಮೆ ಅಣಬೆಯಂಥ ಪುಟ್ಟ ಗಂಟು ಏಳುತ್ತದೆ. ಡಾಕ್ಟರು ಪಾಲಿಪ್ ಅನ್ನುತ್ತಾರೆ. ಹೆಚ್ಚಿನವು ತೆಪ್ಪಗಿರುತ್ತವೆ, ಕೆಲವು ಮಾತ್ರ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕ್ಯಾನ್ಸರಿಗೆ ತಿರುಗುತ್ತವೆ. ಮೊದಲೇ ಕಂಡರೆ ಪರೀಕ್ಷೆಯಲ್ಲೇ ಕಿತ್ತು ತೆಗೆಯಬಹುದು. ಕರುಳು ಕೊಳೆಯಾಗಿದ್ದರೆ ಕಾಣುವುದೆಲ್ಲಿಂದ?

ಕಿಟಕಿ ಪಕ್ಕದಲ್ಲಿ ಇವತ್ತು ಒಬ್ಬ ಮುದಿ ದರ್ಜಿ. ಅವನ ಅಣ್ಣ ಕರುಳಿನ ಕ್ಯಾನ್ಸರಿನಿಂದಲೇ ತೀರಿಕೊಂಡವನು. ಜಗ್ಗೇನೋ ಖಾಲಿಯಾಗಿದೆ, ದರ್ಜಿ ಮಾತ್ರ ಶೌಚಾಲಯದ ಕಡೆ ತಲೆಹಾಕಿಲ್ಲ. ಜಗ್ಗಕ್ಕ ಕೈತೊಳೆಯುವ ಬೇಸಿನ್ನಿನಲ್ಲಿ ಬೆರಳಾಡಿಸುತ್ತಾಳೆ. ಅಂಟಂಟು, ಔಷಧ ಸುರಿದ ಗುರುತು.

“ಏನಣ್ಣಾ, ಗಂಟು ಹುಡುಕಬೇಕಾದ್ದು ನಿಮ್ಮ ಹೊಟ್ಟೇಲೋ, ಬೇಸಿನ್ ಹೊಟ್ಟೇಲೋ?”

ದರ್ಜಿ ಇಂಗು ತಿಂದ ಮಂಗನಾಗುತ್ತಾನೆ. “ಎಲ್ಲರ ಮುಂದೆ ಹತ್ತು ಸಲ ಓಡೋದಂದ್ರೆ ಮಾನ ಹೋಗುತ್ತೆ ಕಣಮ್ಮ. ನಾನು ಮನೆಗೆ ಹೋಗ್ತೀನಿ.”

ಜಗ್ಗಕ್ಕ ಮಂಚದ ತುದಿಯಲ್ಲಿ ಕೂರುತ್ತಾಳೆ. “ನಮ್ಮನೆಯವರೂ ಹೀಗೇ. ರಕ್ತ ಹೋಗ್ತಿತ್ತು, ನನಗೂ ಹೇಳಲಿಲ್ಲ. ಹೇಳೋ ಹೊತ್ತಿಗೆ ಕೈ ಮೀರಿತ್ತು. ಮಾನ ಉಳೀತು, ಅವರು ಉಳೀಲಿಲ್ಲ.”

ಗಂಡ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಇಲ್ಲಿ ನೆಲ ಒರೆಸಲು ಸೇರಿದವಳು ಆಕೆ. ಜಗ್ಗು ಕೈಗೆ ಬಂದದ್ದು ಆಮೇಲೆ.

ದರ್ಜಿ ತಲೆ ತಗ್ಗಿಸಿ ಲೋಟಕ್ಕೆ ಕೈ ಚಾಚುತ್ತಾನೆ. ನರ್ಸಮ್ಮ ಬೈಯುತ್ತಲೇ ಹೊಸ ಔಷಧ ಕಲಸಿಕೊಡುತ್ತಾರೆ. ಪರೀಕ್ಷೆ ಸಂಜೆಗೆ ಮುಂದಕ್ಕೆ ಹೋಗುತ್ತದೆ. ದರ್ಜಿ “ಥೂ, ಉಪ್ಪುಪ್ಪು” ಎಂದರೆ, “ಸೂಜಿಗೆ ದಾರ ಪೋಣಿಸಿದ ಹಾಗೆ, ನಿಧಾನಕ್ಕೆ” ಎಂದು ಬೆನ್ನು ಸವರಿ ಗುಟುಕು ಗುಟುಕಾಗಿ ಕುಡಿಸುತ್ತಾಳೆ ಜಗ್ಗಕ್ಕ. ಮಧ್ಯಾಹ್ನ ಶೌಚಾಲಯದಿಂದ ಹೊರಬಂದು ಕೂಗುತ್ತಾಳೆ: “ನರ್ಸಮ್ಮಾ, ತಳ ಕಾಣ್ತಿದೆ!”

ಸಂಜೆಯ ಪರೀಕ್ಷೆಯಲ್ಲಿ ಕರುಳಿನ ಮಡಿಕೆಯ ಹಿಂದೆ ಗಂಟೊಂದು ಸಿಕ್ಕುತ್ತದೆ. ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ವಾರದ ಮೇಲೆ ಫಲಿತಾಂಶ: ಕ್ಯಾನ್ಸರ್ ಇಲ್ಲ; ಬಿಟ್ಟಿದ್ದರೆ ಆಗಬಹುದಾದ ಜಾತಿಯದು.

ದರ್ಜಿ ಮೆಟ್ಟಿಲು ಹತ್ತಿ ಬಂದು ಜಗ್ಗಕ್ಕನ ಮುಂದೆ ನಿಲ್ಲುತ್ತಾನೆ. “ಅಳತೆ ಕೊಡಮ್ಮ, ನಿಂಗೊಂದು ರವಿಕೆ ಹೊಲಿದುಕೊಡ್ತೀನಿ.”

“ರವಿಕೆ ಇರಲಿ ಅಣ್ಣಾ. ಒಡಹುಟ್ಟಿದವರು ಇನ್ಯಾರಾದ್ರೂ ಇದಾರಾ?”

“ತಂಗಿ ಒಬ್ಬಳಿದಾಳೆ. ಮಹಾ ಸಂಕೋಚದವಳು.”

“ಈ ಗಂಟು ಒಡಹುಟ್ಟಿದವರಿಗೂ ಬರಬಹುದಂತೆ, ಅವಳನ್ನೂ ಕರ್ಕೊಂಡು ಬನ್ನಿ. ಬರಲ್ಲ ಅಂದ್ರೆ ಮನೆ ತೋರಿಸಿ, ನಾನೇ ಹೋಗಿ ಕೈಹಿಡ್ಕೊಂಡು ಕರ್ಕೊಂಡು ಬರ್ತೀನಿ.”