ದಡ್ಡನ ಬಾಯಲ್ಲಿ ಅಂಗಡಿಯ ಕನ್ನಡ

ಕಳೆದ ಶನಿವಾರ ಸಾಂಗ್ಲಿಯ ಒಂದು ಕಾಲೇಜಿನ ಸಭಾಂಗಣದಲ್ಲಿ, ತುಂಬಿದ ಜನರ ಎದುರು, ನಮ್ಮ ಕಾಕಾನ ವ್ಯಾಪಾರದ ಗುಟ್ಟೆಲ್ಲ ಬಯಲಾಯಿತು. ಅದಕ್ಕೆ ಕಾರಣ ಒಬ್ಬ ಇಂಗ್ಲಿಷ್ ದಡ್ಡ.

ಮೊದಲು ಆ ದಡ್ಡನ ಪರಿಚಯ. ಬ್ರಿಟನ್ನಿನಲ್ಲಿ ದೊಡ್ಡವರಿಗೆಂದೇ ಬರುವ ನಗೆ ಕಾಮಿಕ್ ಒಂದಿದೆ. (ದೊಡ್ಡವರಿಗೆ ಎಂದರೆ ಪೋಲಿ ಎಂದು ಓದಿಕೊಳ್ಳಿ.) ಅಲ್ಲಿ ಓದಿ ಬಂದ ಗೆಳತಿಯೊಬ್ಬಳು ಅದರ ಹಳೆಯ ಸಂಚಿಕೆಗಳ ಕಟ್ಟೊಂದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದಳು. ಅದರಲ್ಲಿ ಮತ್ತೆ ಮತ್ತೆ ಬರುವ ಪಾತ್ರ ಇವನು. ಅವನ ಅಡ್ಡಹೆಸರೇ ಒಂದು ಬೈಗುಳ. ನಮ್ಮ ಸಂಪಾದಕರು ಅದನ್ನು ಅಚ್ಚು ಹಾಕಲಾರರು. ದಡ್ಡಣ್ಣ ಎನ್ನೋಣ.

ದಡ್ಡಣ್ಣ ಬ್ರೆಡ್ ತರಲು ಹೋಗುತ್ತಾನೆ. ಹೋದವನು ಕೌಂಟರಿನ ಆಚೆ ನಿಂತು, ಅಂಗಡಿ ತನ್ನದೇ ಎಂದು ತಿಳಿದು, ಮಾಲೀಕನಿಗೇ ಬ್ರೆಡ್ ಮಾರತೊಡಗುತ್ತಾನೆ. ಕೊನೆಯ ಚಿತ್ರದಲ್ಲಿ ಒದೆ ತಿನ್ನುತ್ತಾನೆ. ಮುಂದಿನ ಸಂಚಿಕೆಯಲ್ಲಿ ಏನೂ ಆಗಿಲ್ಲವೆಂಬಂತೆ ಹಾಜರ್. ಅವನಿಗೆ ನೆನಪೆಂಬುದೇ ಇಲ್ಲ. ನನಗೆ ಹೊಟ್ಟೆಕಿಚ್ಚಾಗುವುದು ಅಲ್ಲೇ. ನಮ್ಮ ನೆನಪುಗಳೋ, ತಲೆ ಬಾಚಿಕೊಂಡು, ಇಸ್ತ್ರಿ ಬಟ್ಟೆ ಹಾಕಿಕೊಂಡು ಸಾಲಾಗಿ ಬಂದು ಸುಳ್ಳು ಹೇಳುತ್ತವೆ. (ಈ ಬರಹವನ್ನೂ ಆ ಎಚ್ಚರದಿಂದಲೇ ಓದಿ.)

ಈ ಕಟ್ಟು ಶಿವಾನಿಯ ಕೈಗೆ ಬಿತ್ತು. ಶಿವಾನಿ ನಮ್ಮ ಕಾಕಾನ ಮೊಮ್ಮಗಳು. ನನ್ನನ್ನು ಆತ್ಯಾ, ಅಂದರೆ ಅತ್ತೆ, ಎನ್ನುತ್ತಾಳೆ. ಕಾಲೇಜಿನ ನಾಟಕ ತಂಡದಲ್ಲಿದ್ದಾಳೆ. ತಂಡದ ನಿರ್ದೇಶಕ ಓಂಕಾರನಿಗೆ ದಡ್ಡಣ್ಣ ಬಹಳ ಹಿಡಿಸಿದ. ಬ್ರೆಡ್ಡಿನ ಅಂಗಡಿ ಬೆಲ್ಲದ ಅಂಗಡಿಯಾಯಿತು. ಮರಾಠಿ ಪ್ರಹಸನ ಸಿದ್ಧವಾಯಿತು. ಎಲ್ಲರೂ ಶುದ್ಧ ಮರಾಠಿ ಮಾತಾಡುತ್ತಾರೆ, ದಡ್ಡ ಮಾತ್ರ ಕನ್ನಡ ಬೆರೆಸಿದ ಮರಾಠಿ.

ದಡ್ಡ ಏಕೆ ಕನ್ನಡದವನು ಎಂದು ಕೇಳಿದೆ. ಓಂಕಾರ ತಬ್ಬಿಬ್ಬಾದ. ಮರಾಠಿ ನಾಟಕದಲ್ಲಿ ಕಾನಡಿ ಧಾಟಿ ಕೇಳಿದರೆ ಜನ ನಗುತ್ತಾರೆ ಮ್ಯಾಡಂ, ಅದು ಗ್ಯಾರಂಟಿ ಎಂದ. ಪಾತ್ರ ಶಿವಾನಿಗೆ ಸಿಕ್ಕಿತು. ಪ್ರತಿಭೆಗಲ್ಲ. ನಿಮ್ಮ ಮನೆಯಲ್ಲಿ ಕನ್ನಡ ಇದೆಯಲ್ಲ, ಅದಕ್ಕೆ.

ನನಗೆ ಸಿಟ್ಟು ಬಂತು. ಅಂಕಣಕಾರ್ತಿಯ ಸಿಟ್ಟು. ಮಿರಜಿನ ಮನೆಗೆ ಹೋಗಿ ಕಾಕಾನ ಮುಂದೆ ಭಾಷಣ ಬಿಗಿದೆ. ಕಾಕಾ ಟೋಪಿ ತೆಗೆದು, ತಲೆ ಕೆರೆದುಕೊಂಡು, ಕೊನೆಗೆ ಕೇಳಿದ್ದು ಒಂದೇ ಮಾತು.

“ಅಂದ್ರ ನಮ್ಮ ಶಿವಾನಿ ಕನ್ನಡಾ ಮಾತಾಡತಾಳ?”

ಮಾತಾಡ್ತಾಳ, ಆದ್ರ ದಡ್ಡನ ಪಾತ್ರದಾಗ ಎಂದೆ.

“ಯಾವ ಪಾತ್ರದಾಗರ ಮಾತಾಡಲಿ ತಂಗಿ. ಮಾತಾಡಿದ್ರ ಸಾಕು.”

ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಕಾಕಾನ ಮನೆ ತುಂಬಿದ ಮನೆ. ಆದರೆ ಮಗ ಮಹಾದೇವನ ಕಾಲಕ್ಕೇ ಮನೆಮಾತು ಅರ್ಧ ಮರಾಠಿಯಾಗಿತ್ತು. ಶಿವಾನಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವುದಿಲ್ಲ. “ಉಣ್ಣಾಕ ಬಾ” ಎಂದು ಅಜ್ಜ ಕರೆದರೆ “ಹೋ ಆಜೋಬಾ, ಆಲೇ” ಎಂದು ಮರಾಠಿಯಲ್ಲಿ ಉತ್ತರ. ಹುಟ್ಟಿದಾಗಿನಿಂದ ಹೀಗೇ. ಮೊಮ್ಮಗಳ ಬಾಯಿಂದ ಕನ್ನಡದಲ್ಲಿ ಒಂದು ಉತ್ತರ ಕೇಳಬೇಕು ಎಂಬುದು ಕಾಕಾನ ಆಸೆ. ಬೇರೆ ಆಸೆ ಏನನ್ನೂ ಅವರು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ.

ಹಾಗಾಗಿ ತಾಲೀಮು ಶುರುವಾಯಿತು, ಸಾಂಗ್ಲಿ ಪೇಟೆಯ ಅವರ ಬೆಲ್ಲ-ಅರಿಸಿನದ ಅಂಗಡಿಯಲ್ಲಿ. ಕಾಲೇಜು ಮುಗಿಸಿ ಶಿವಾನಿ ಬರುತ್ತಾಳೆ, ಕಾಕಾ ಗಾದಿಯ ಮೇಲೆ ಕೂತು ಹೇಳಿಕೊಡುತ್ತಾರೆ.

“ದಡ್ಡ ಇರ್ಲಿ, ಅಡ್ಡಿ ಇಲ್ಲ. ಆದ್ರ ತೊದಲಬಾರದು. ನಮ್ಮ ಮಂದ್ಯಾಗ ದಡ್ಡರೂ ಸ್ವಚ್ಛ ಮಾತಾಡತಾರ. ನಿಮ್ಮಪ್ಪನ್ನ ನೋಡು.”

“ಅಪ್ಪಾ, ನಾ ಇಲ್ಲೇ ಅದೇನಿ,” ತಕ್ಕಡಿಯ ಹಿಂದಿನಿಂದ ಮಹಾದೇವ.

ಈಗ ಆ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಗಿರಾಕಿಗಳ ಜೊತೆ ಮಾತು ಮರಾಠಿಯಲ್ಲಿ. ಗಿರಾಕಿಯ ಎದುರೇ ಅವನ ಬಗ್ಗೆ ಅಪ್ಪ-ಮಗ ಆಡುವ ಮಾತು ಕನ್ನಡದಲ್ಲಿ. “ಯಾ ಪಾವ್ಹಣಂ, ಬಸಾ” ಎಂದು ನಗುತ್ತ ಕೂರಿಸುವುದು, ಅದೇ ನಗೆಯಲ್ಲಿ ಮಗನ ಕಡೆ ತಿರುಗಿ “ಇಂವಗ ಹೊರಗಿನ ಪೆಂಟಿ ತೋರ್ಸು” ಎನ್ನುವುದು. ಪೆಂಟಿ ಎಂದರೆ ಬೆಲ್ಲದ ಗಟ್ಟಿ. ಒಳಗಿನದು ಹೊಸದು, ಹೊರಗಿನದು ಯಾವಾಗಿನದೋ. ಇಷ್ಟು ವರ್ಷ ಇದು ಸರಾಗವಾಗಿ ನಡೆದಿತ್ತು. ಮರಾಠಿ ಗಿರಾಕಿಗೆ ಕನ್ನಡ ಎಲ್ಲಿಂದ ತಿಳಿಯಬೇಕು?

ಶನಿವಾರ ಬಂತು. ಕಾಕಾ ಖುಷಿಯಲ್ಲಿ ಪೇಟೆಯನ್ನೇ ಕರೆದಿದ್ದರು. ಕುಪವಾಡದ ಕಾರ್ಖಾನೆಯವರು, ಹೋಟೆಲಿನವರು, ಎಲ್ಲ ಹಳೆಯ ಗಿರಾಕಿಗಳು. ಪಕ್ಕದ ಕುರ್ಚಿಯಲ್ಲಿ ಖಂಡೇರಾಜುರಿಯ ಪಾಟೀಲರು. ಕಾಕಾ ಅವರಿಗೆ ಬೆಲ್ಲ ಮಾರುತ್ತ, ಅವರಿಂದ ಅರಿಸಿನ ಕೊಳ್ಳುತ್ತ ಇಬ್ಬರಿಗೂ ಮೀಸೆ ಬೆಳ್ಳಗಾಗಿದೆ. (ಕಾಕಾ ಆ ದಿನ ರೇಷ್ಮೆ ರುಮಾಲು ಸುತ್ತಿದ್ದರು ಎಂದು ನನ್ನ ನೆನಪು. ಎಂದಿನ ಟೋಪಿಯೇ ಇತ್ತು ಎನ್ನುತ್ತಾನೆ ಮಹಾದೇವ. ಯಾರ ತಲೆಯಲ್ಲಿ ಏನಿತ್ತೋ.)

ಪರದೆ ಎದ್ದಿತು. ಧೋತರ ಉಟ್ಟು, ಮೀಸೆ ಅಂಟಿಸಿಕೊಂಡು ಶಿವಾನಿ ಬಂದಳು. ಬೆಲ್ಲ ಕೊಳ್ಳಲು ಬಂದ ದಡ್ಡ ಕೌಂಟರಿನ ಆಚೆ ನಿಂತ. ಮಾಲೀಕ ಒಳಬಂದ. ಈಗ ದಡ್ಡನ ಮಾತು.

ಮಾತು ಬರಲಿಲ್ಲ.

ಕಲಿಸಿದ್ದೆಲ್ಲ ಮರೆತುಹೋಗಿತ್ತು. ಕಾಕಾ ನನ್ನ ಮುಂಗೈ ಹಿಡಿದರು. ಅಷ್ಟರಲ್ಲಿ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಮಾಲೀಕನಿಗೆ “ಯಾ ಪಾವ್ಹಣಂ, ಬಸಾ” ಎಂದು ಸಕ್ಕರೆಯಂತೆ ನಕ್ಕಳು. ಆಮೇಲೆ ಪಕ್ಕಕ್ಕೆ ತಿರುಗಿ, ಇಲ್ಲದ ಮಗನಿಗೆ, ಥೇಟ್ ಕಾಕಾನ ದನಿಯಲ್ಲಿ:

“ಇಂವಗ ಹೊರಗಿನ ಪೆಂಟಿ ತೋರ್ಸು. ಇಂವಗೇನ ತಿಳೀತೈತಿ. ಮಾರಿ ಸಣ್ಣದ ಮಾಡತಾನ ನೋಡು, ಇನ್ನ ರೇಟ ಜಗ್ಗತಾನ. ನೀ ಮಾತ್ರ ಇಳೀಬ್ಯಾಡ.”

ಎಲ್ಲಿಂದ ಬಂತು? ತೊಟ್ಟಿಲಲ್ಲಿದ್ದಾಗಿನಿಂದ ಗಾದಿಯ ಪಕ್ಕ ಮಲಗಿ ಕೇಳಿದ ಕನ್ನಡ ಅದು. ಅವಳ ಬಾಯಿಗೆ ತಾನಾಗಿ ಬರುವ ಕನ್ನಡ ಅಷ್ಟೇ. ಒಂದೊಂದು ವಾಕ್ಯವೂ ಇನ್ನೊಬ್ಬರಿಗೆ ತಿಳಿಯದಿರಲಿ ಎಂದೇ ಆಡಿದ್ದು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೊದಲು ನನಗೂ ಹೊಳೆಯಲಿಲ್ಲ. ಧಾಟಿಗೆ ನಗುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡುತ್ತೇನೆ, ಕುಪವಾಡದವರು ಒಬ್ಬರ ತೊಡೆಗೆ ಒಬ್ಬರು ಬಡಿಯುತ್ತಿದ್ದಾರೆ, ಹೋಟೆಲಿನವರು ಕಾಕಾನ ಕಡೆ ಬೆರಳು ಮಾಡುತ್ತಿದ್ದಾರೆ, ಪಾಟೀಲರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅವರು ನಗುತ್ತಿದ್ದುದು ಮಾತಿಗೆ. ಒಂದೊಂದು ಮಾತಿಗೂ.

ಕಾಕಾ ನನ್ನ ಮುಂಗೈ ಬಿಟ್ಟರು.

ಹೊರಗೆ ಅಂಗಳದಲ್ಲಿ ಪಾಟೀಲರು ಬಂದು ಹೆಗಲ ಮೇಲೆ ಕೈಯಿಟ್ಟರು. ಆಡಿದ್ದು ಕನ್ನಡ.

“ಸಾವಕಾರ್ರ, ಹುಡುಗಿ ಒಂದ ಮಾತ ಬಿಟ್ಟಳ ನೋಡ್ರಿ. ‘ಚಾ ಹೇಳಿದಾಂಗ ಮಾಡು, ಹೇಳಬ್ಯಾಡ.’”

ಕಾಕಾನ ಮುಖ ಅರಿಸಿನದ ಬಣ್ಣಕ್ಕೆ ತಿರುಗಿತು. “ನಿಮಗ ಕನ್ನಡಾ ಬರ್ತೈತಿ?”

“ನಮ್ಮವ್ವ ಅಥಣಿ ಕಡೆಯಾಕಿ.”

“ಮತ್ತ ಇಷ್ಟ ವರ್ಷ ಬಾಯಿ ಬಿಡಲಿಲ್ಲಲ್ಲ ಮಾರಾಯ.”

“ಬಿಟ್ಟಿದ್ರ, ನೀವು ರೇಟಿನ್ಯಾಗ ಎಲ್ಲೀ ತನಕ ಇಳೀತೀರಿ ಅನ್ನೂದು ನಮಗ ಹೆಂಗ ತಿಳೀತಿತ್ತರಿ?”

ಮಿರಜಿಗೆ ಆಟೋ ಹಿಡಿದೆವು. ಕಾಕಾ ರಸ್ತೆ ನೋಡುತ್ತಿದ್ದರು. ಶಿವಾನಿ ಅರ್ಧ ಕಿತ್ತ ಮೀಸೆಯಲ್ಲಿ ಮುದುಡಿ ಕೂತಿದ್ದಳು. ಜನ ನಕ್ಕಿದ್ದರು, ಓಂಕಾರ ಕುಣಿದಿದ್ದ. ಆದರೆ ಇಡೀ ಪೇಟೆಯ ಎದುರು ಅಜ್ಜನನ್ನು ನಗೆಪಾಟಲು ಮಾಡಿದ ಭಾಷೆಯಲ್ಲಿ ಅಜ್ಜ ಇನ್ನು ತನ್ನ ಜೊತೆ ಮಾತಾಡುತ್ತಾರೆಯೇ? ಅವಳು ಯೋಚಿಸುತ್ತಿದ್ದುದು ಅದನ್ನೇ ಎಂದು ನಾನು ಬರೆದರೆ ಅದು ನನ್ನ ಕಟ್ಟುಕತೆಯೂ ಇರಬಹುದು. ಅವಳು ಹೇಳಿದ್ದನ್ನಷ್ಟೇ ಬರೆಯುತ್ತೇನೆ. ತುಸು ಹೊತ್ತಾದ ಮೇಲೆ, ನಾಟಕದ ದನಿಯಲ್ಲಲ್ಲ, ತನ್ನದೇ ಸಣ್ಣ ದನಿಯಲ್ಲಿ, ಪದ ಹುಡುಕುತ್ತ ಕೇಳಿದಳು.

“ಅಜ್ಜಾ... ನಿಮಗ... ಸಿಟ್ಟ ಬಂದೈತಿ?”

ಕಾಕಾ ತಿರುಗಿ ನೋಡಿದರು.

“ಚಾದ ಮಾತ ಯಾಕ ಬಿಟ್ಟಿ?”

“ನೆನಪ ಆಗಲಿಲ್ಲ.”

“ಮುಂದಿನ ಸರ್ತಿ ಬಿಡಬ್ಯಾಡ,” ಎಂದು ಕಾಕಾ ನಕ್ಕರು. (ಕೆಮ್ಮಿದರು ಎನ್ನುತ್ತಾಳೆ ಶಿವಾನಿ. ನಾನು ನನ್ನದನ್ನೇ ಇಟ್ಟುಕೊಳ್ಳುತ್ತೇನೆ.)

ಮೊನ್ನೆ ಅಂಗಡಿಗೆ ಹೋಗಿದ್ದೆ. ಶಿವಾನಿ ಅಜ್ಜನ ಪಕ್ಕದಲ್ಲೇ ಕೂತು, ತಪ್ಪುತಪ್ಪಾಗಿ, ನಿಲ್ಲಿಸದೆ, ಕನ್ನಡದಲ್ಲಿ ಕಾಲೇಜಿನ ಜಗಳ ಹೇಳುತ್ತಿದ್ದಳು. ಕಾಕಾ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬ ಬಂದ, ದಪ್ಪ ಮೀಸೆಯವನು, ಬೆಲ್ಲ ಬೇಕು ಎಂದು ಮರಾಠಿಯಲ್ಲಿ ಕೇಳಿದ. ಕಾಕಾ ಕೂರಿಸಿದರು. ಅಭ್ಯಾಸಬಲದಿಂದ ಮಗನ ಕಡೆ ತಿರುಗಿದರು, ತಡೆದರು. ಈ ಸಲ ಎಚ್ಚರ ವಹಿಸಬೇಕಲ್ಲ? ಗಿರಾಕಿಯನ್ನೇ ನೇರವಾಗಿ ಕೇಳಿದರು.

“ನಿಮಗ ಕನ್ನಡಾ ತಿಳೀತೈತೇನ್ರಿ?”

“ನಾಹೀ ಹೋ,” ಎಂದ ಅವನು, ಇಲ್ಲವೆಂದು ತಲೆಯಾಡಿಸಿ.

ಕಾಕಾ ನೆಮ್ಮದಿಯಿಂದ ಉಸಿರು ಬಿಟ್ಟು, “ಮಹಾದೇವಾ, ಹೊರಗಿನ ಪೆಂಟಿ ತಗಿ” ಎಂದರು.

ಅಲ್ಲ, ಕಾಕಾ ಕೇಳಿದ್ದಾದರೂ ಯಾವ ಭಾಷೆಯಲ್ಲಿ?